ಮೇರಿ ಕ್ಯೂರಿ ಪಿಎಚ್‌ಡಿ: ನೋಂದಣಿ ಶುಲ್ಕದ ಮಾತು ಸುಳ್ಳು

‘ಯುರೋಪಿನ ಮೇರಿ ಕ್ಯೂರಿ ಸ್ಕಾಲರ್‌ಶಿಪ್‌ಗೆ ಶುಲ್ಕ ಕಟ್ಟಿ, ಬ್ರಸೆಲ್ಸ್‌ಗೆ ಅರ್ಜಿ ಕಳಿಸಿ’ ಎಂಬ ಫಾರ್ವರ್ಡ್ ಸುಳ್ಳು. ಈ ಯೋಜನೆಯ ಡಾಕ್ಟರಲ್ ನೆಟ್‌ವರ್ಕ್‌ಗಳಲ್ಲಿ (ಸಂಸ್ಥೆಗಳು ಸೇರಿ ಪಿಎಚ್‌ಡಿ ಮಾಡಿಸುವ ಗುಂಪುಗಳಲ್ಲಿ) ಸಿಗುವುದು ಸಾಮಾನ್ಯವಾಗಿ ಸಂಬಳದ ಕೆಲಸ. ಹಣ ಯುರೋಪಿಯನ್ ಒಕ್ಕೂಟದ್ದು, ಆಯ್ಕೆ ಆಯಾ ವಿಶ್ವವಿದ್ಯಾಲಯ ಅಥವಾ ಕಂಪನಿಯದು. ಹುದ್ದೆಗಳು ಸಂಶೋಧಕರ ಕೆಲಸಗಳ ಯುರೋಪಿನ ಜಾಲತಾಣ ಯುರಾಕ್ಸೆಸ್‌ನಲ್ಲಿ ಪ್ರಕಟವಾಗುತ್ತವೆ. ಜಾಹೀರಾತು ಹೇಳಿದಲ್ಲಿಗೇ ಅರ್ಜಿ ಹಾಕಬೇಕು.

ಯಾವ ದೇಶದವರಾದರೂ ಸರಿ, ಪಿಎಚ್‌ಡಿ ಪಡೆದಿರಬಾರದು. ಒಳ್ಳೆಯ ಅರ್ಜಿಗಳೂ ಬಿದ್ದುಹೋಗುವುದು ಇನ್ನೊಂದು ನಿಯಮದಿಂದ, ಅದನ್ನೇ ಮೊದಲು ನೋಡಿ: ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ, ನೇಮಿಸುವ ಸಂಸ್ಥೆಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸ, ಓದು ಅಥವಾ ಕೆಲಸ ಮಾಡಿರಬಾರದು. ಜರ್ಮನಿಯಲ್ಲಿ ಎರಡು ವರ್ಷದ ಎಂ.ಎಸ್. ಈಗಷ್ಟೇ ಮುಗಿಸಿದ ಹುಬ್ಬಳ್ಳಿಯ ವಿದ್ಯಾರ್ಥಿಗೆ ಜರ್ಮನಿಯ ಹುದ್ದೆ ಸಿಗದು, ನೆದರ್ಲೆಂಡ್ಸ್‌ನದಕ್ಕೆ ಅಡ್ಡಿಯಿಲ್ಲ.

ಸಂಬಳಕ್ಕೆಂದು ಒಕ್ಕೂಟ ಕೊಡುವ ಭತ್ಯೆಯಷ್ಟೂ ಕೈಗೆ ಬರುವುದಿಲ್ಲ: ತೆರಿಗೆ, ಉದ್ಯೋಗದಾತರ ಸಾಮಾಜಿಕ ಭದ್ರತೆಯ ಪಾಲು ಅದರಲ್ಲೇ ಕಡಿತವಾಗುತ್ತವೆ.