ಚಿಕ್ಕಪ್ಪನ ಹೊಲದ ನೀರು, ಲೋಡಿಗೆ 1,100 ರೂಪಾಯಿ

ನಿನ್ನೆ ರಾತ್ರಿ ಹನ್ನೊಂದೂಮುಕ್ಕಾಲಿಗೆ ನಮ್ಮ ಮನೆಯ ಸಂಪಿನೊಳಗೆ ನೀರು ಬಿತ್ತು. ಬೆಳಿಗ್ಗೆ ಏಳಕ್ಕೆ ಬರುತ್ತೇನೆಂದಿದ್ದ ಟ್ಯಾಂಕರಿನವನು ಮಧ್ಯಾಹ್ನ ಎರಡಕ್ಕೆ ಎಂದ, ಆಮೇಲೆ ಸಂಜೆಗೆ ಎಂದ, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಕೊನೆಗೆ ಊರೆಲ್ಲ ಮಲಗಿದ ಮೇಲೆ ಗಾಡಿಯನ್ನು ಓಣಿಯ ಬಾಯಲ್ಲಿ ನಿಲ್ಲಿಸಿ, ಪಕ್ಕದ ಮನೆಯ ಕಾಂಪೌಂಡಿನ ಮೇಲಿಂದ ಪೈಪನ್ನು ಎಳೆದು ತಂದು ಸಂಪಿನೊಳಗೆ ಇಳಿಬಿಟ್ಟ. ಪೈಪಿನ ಜೋಡಣೆಗೆ ಸುತ್ತಿದ್ದ ಸೈಕಲ್ ಟ್ಯೂಬಿನ ಸಂದಿಯಿಂದ ಕಾಲು ಭಾಗ ನೀರು ಓಣಿಗೇ ಹರಿಯುತ್ತಿತ್ತು. ನನ್ನ ಹೆಂಡತಿ ಅದರಡಿಗೆ ಬಕೆಟ್ ಹಿಡಿದು ನಿಂತಿದ್ದಳು. ಡ್ರೈವರ್ ರಾಯಚೂರು ಕಡೆಯ ಹುಡುಗ, ಇಪ್ಪತ್ತೆರಡು ವರ್ಷವೂ ಆಗಿರಲಿಕ್ಕಿಲ್ಲ. ಅವನ ಮೇಲೆ ರೇಗಿ ಪ್ರಯೋಜನವಿಲ್ಲವೆಂದು ಸುಮ್ಮನಿದ್ದೆ. ಮಾತಿಗೆಂದು, ಇವತ್ತು ಎಲ್ಲಿ ತುಂಬಿಸಿಕೊಂಡು ಬಂದೆಯಪ್ಪ ಎಂದು ಕೇಳಿದೆ.

‘ಇಲ್ಲೇ ಸಾರ್, ತೋಪಿನ ಹಿಂದಗಡೆ ಬೋರು’ ಎಂದ.

ತೋಪಿನ ಹಿಂದೆ ಇರುವುದು ನನ್ನ ಚಿಕ್ಕಪ್ಪನ ಹೊಲ. ಇದ್ದದ್ದು ಎನ್ನಬೇಕು. ಒಂದು ಎಕರೆ ಹತ್ತು ಗುಂಟೆಯ ಆ ಹೊಲದಲ್ಲಿ ರಾಗಿಯ ಜೊತೆ ಸಾಲಿಗೆ ಅವರೆ ಹಾಕುತ್ತಿದ್ದರು. ಬೆಳಗಿನ ಜಾವ ಸೊಗಡಿನ ಅವರೆಕಾಯಿ ಬಿಡಿಸಲು ಹೋದರೆ ಇಬ್ಬನಿಗೆ ಚಡ್ಡಿಯೆಲ್ಲ ತೊಯ್ದುಹೋಗುತ್ತಿತ್ತು. 2006ರಲ್ಲಿ ಅದನ್ನು ಕೊಂಡವರು ಸುತ್ತಲೂ ಕಾಂಪೌಂಡ್ ಎಬ್ಬಿಸಿ, ಮನೆಯನ್ನೂ ಕಟ್ಟದೆ, ಬೆಳೆಯನ್ನೂ ಇಡದೆ, ಎರಡು ಕೊಳವೆಬಾವಿ ಕೊರೆಸಿ ನೀರು ಮಾರುತ್ತಿದ್ದಾರೆ. ಆರು ಸಾವಿರ ಲೀಟರಿನ ಲೋಡಿಗೆ ನಾನು ನಿನ್ನೆ ಕೊಟ್ಟದ್ದು 1,100 ರೂಪಾಯಿ. ಅದೂ ಕೈಗೆ ನಗದು, ರಸೀದಿ ಇಲ್ಲ. ನಮ್ಮ ಮನೆಯಿಂದ ಆ ಬೋರಿಗೆ ನಡೆದು ಹೋದರೆ ಆರು ನಿಮಿಷ.

ಬೆಂಗಳೂರಿನ ಪೂರ್ವಕ್ಕೆ, ವರ್ತೂರಿನ ಆಚೆಗಿರುವ ನಮ್ಮದು ನಾನು ಹುಟ್ಟಿದಾಗಿನಿಂದ ಊರೇ ಆಗಿತ್ತು. 2007ರಲ್ಲಿ ಅದು ನಗರವಾಯಿತು. ಆ ವರ್ಷ ಹಳೆಯ ಮಹಾನಗರ ಪಾಲಿಕೆಗೆ 7 ನಗರಸಭೆಗಳನ್ನೂ 1 ಪುರಸಭೆಯನ್ನೂ 110 ಹಳ್ಳಿಗಳನ್ನೂ ಕೂಡಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಮೂರು ಪಟ್ಟು ದೊಡ್ಡದಾದ ಆ ನಕ್ಷೆಯ ಅಂಚಿನಲ್ಲಿ ಎಲ್ಲೋ ನಮ್ಮೂರೂ ಸೇರಿಕೊಂಡಿತು. ಸೇರಿಕೊಂಡ ಮರುವರ್ಷವೇ ಕಂದಾಯದ ದರ ಬದಲಾಯಿತು, ಪಂಚಾಯಿತಿ ಕಚೇರಿಗೆ ಬೀಗ ಬಿತ್ತು. ಅಲ್ಲಿ ದೂರು ಹೇಳಿಕೊಂಡರೆ ಕೇಳಿಸಿಕೊಳ್ಳುವುದಕ್ಕೆ ಪರಿಚಯದ ಮುಖವಾದರೂ ಒಂದಿರುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಅದೇ ಬೃಹತ್ ಪಾಲಿಕೆಯನ್ನು ಒಡೆದು ಐದು ಮಾಡಿದ ಮೇಲೆ ನಾವೀಗ ಪೂರ್ವ ಪಾಲಿಕೆಯವರು. ಕೂಡಿಸುವಾಗಲೂ ಆಡಳಿತ ಹತ್ತಿರವಾಗುತ್ತದೆ ಎಂದರು, ಒಡೆಯುವಾಗಲೂ ಆಡಳಿತ ಹತ್ತಿರವಾಗುತ್ತದೆ ಎಂದರು. ಹತ್ತೊಂಬತ್ತು ವರ್ಷಗಳಿಂದ ನಗರವಾಸಿಗಳಾಗಿರುವ ನಮ್ಮ ಓಣಿಗೆ ಈ ಕ್ಷಣದವರೆಗೆ ನಲ್ಲಿಯ ನೀರು ಬಂದಿಲ್ಲ.

ನೀರಿಲ್ಲದ ಸೀಮೆಗೆ ನೀರು ಬರಲಿಲ್ಲವೆಂದರೆ ಒಪ್ಪಿಕೊಳ್ಳಬಹುದಿತ್ತು. ಬೆಂಗಳೂರಿನಲ್ಲಿ ನದಿಯಿಲ್ಲ ಎನ್ನುವುದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ನದಿ ಇಲ್ಲವೆಂದು ತಿಳಿದೇ ನಮ್ಮ ಹಿಂದಿನವರು ಕೆರೆ ಕಟ್ಟಿದ್ದರಲ್ಲವೇ? ಇಲ್ಲಿ ವರ್ಷಕ್ಕೆ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದನ್ನು ಹಿಡಿದಿಡುವುದಕ್ಕೆ ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ, ಅದು ತುಂಬಿದರೆ ಅದರ ಕೆಳಗಿನದಕ್ಕೆ ಎಂದು ಸರಪಣಿ ಹೆಣೆದಿದ್ದರು. ಬೆಳ್ಳಂದೂರಿನ ಕೋಡಿ ನೀರು ವರ್ತೂರಿಗೆ, ವರ್ತೂರಿನದು ದಕ್ಷಿಣ ಪಿನಾಕಿನಿಗೆ, ಅಲ್ಲಿಂದ ತಮಿಳುನಾಡಿಗೆ. ನಮ್ಮೂರಿನ ಕೆರೆ ಈ ದೊಡ್ಡ ಕೆರೆಗಳ ಮುಂದೆ ಒಂದು ಬೊಗಸೆಯಷ್ಟು. ಆದರೂ ಅದಕ್ಕೊಂದು ಏರಿ, ಕಲ್ಲಿನ ತೂಬು, ಏರಿಯ ಮೇಲೆ ಗಂಗಮ್ಮ, ಕೆಳಗೆ ಇಪ್ಪತ್ತು ಎಕರೆ ಚಿಲ್ಲರೆ ಅಚ್ಚುಕಟ್ಟು ಇತ್ತು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೀರುಗಂಟಿ ತೀರ್ಮಾನಿಸುತ್ತಿದ್ದ. ಸುಗ್ಗಿಯಲ್ಲಿ ಕಣದಲ್ಲೇ ಅವನ ಪಾಲನ್ನು ಅಳೆದು ಕೊಡುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೂಳನ್ನು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುತ್ತಿದ್ದರು, ಹೀಗಾಗಿ ಗೊಬ್ಬರವೂ ಆಯಿತು, ಕೆರೆಯೂ ಆಳವಾಗಿ ಉಳಿಯಿತು. ನಮ್ಮ ಹಿತ್ತಿಲ ಬಾವಿ ನಲವತ್ತು ಅಡಿಯೂ ಇರಲಿಲ್ಲ. ಮಳೆಗಾಲದಲ್ಲಿ ಅಮ್ಮ ಬಗ್ಗಿ ಕೊಡವನ್ನು ಕೈಯಲ್ಲೇ ಅದ್ದಿ ಎತ್ತುತ್ತಿದ್ದದ್ದನ್ನು ಕಂಡಿದ್ದೇನೆ. ಕೆರೆಯಲ್ಲಿ ನೀರಿದ್ದುದರಿಂದ ಬಾವಿಯಲ್ಲಿ ನೀರಿತ್ತು ಎಂಬುದು ಊರಿನ ಮಕ್ಕಳಿಗೂ ಗೊತ್ತಿದ್ದ ಸಂಗತಿ.

ಈಗ ಆ ಕೆರೆಯ ಸುತ್ತ ತಂತಿ ಬೇಲಿಯಿದೆ, ನಡೆದಾಡಲು ಕಲ್ಲು ಹಾಸಿದ ದಾರಿಯಿದೆ, ಗೇಟಿನ ಬಳಿ ಈಜುವುದೂ ಬಟ್ಟೆ ಒಗೆಯುವುದೂ ದಂಡಾರ್ಹ ಎಂಬ ಫಲಕವಿದೆ. ಈಜಬೇಕೆಂದರೂ ಯಾರೂ ಈಜಲಾರರು, ಏಕೆಂದರೆ ಕೆರೆಗೆ ಮಳೆನೀರು ತರಬೇಕಾದ ರಾಜಕಾಲುವೆಯಲ್ಲಿ ಬರುವುದು ಸುತ್ತಲಿನ ಕಟ್ಟಡಗಳ ಒಳಚರಂಡಿ ನೀರು. ಪುಣ್ಯಕ್ಕೆ ನಮ್ಮ ಕೆರೆಗೆ ಇನ್ನೂ ಬೆಂಕಿ ಹತ್ತಿಲ್ಲ. ಕೆರೆಗೆ ಬೆಂಕಿಯೇ ಎಂದು ಹೊರಗಿನವರು ನಗಬಹುದು. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿದದ್ದನ್ನೂ 2017ರಲ್ಲಿ ಮತ್ತೆ ಹೊಗೆ ಎದ್ದದ್ದನ್ನೂ ಈ ಭಾಗದವರು ಕಣ್ಣಾರೆ ಕಂಡಿದ್ದಾರೆ. ವರ್ತೂರು ಕೋಡಿಯ ಬಳಿ ನೊರೆ ಗಾಳಿಗೆ ಹಾರಿ ಬಂದು ಬೈಕಿನವರ ಮುಖಕ್ಕೆ ಮೆತ್ತಿಕೊಳ್ಳುತ್ತಿದ್ದ ದಿನಗಳಲ್ಲಿ ನಾನು ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಕೆಲಸಕ್ಕೆ ಹೋಗುತ್ತಿದ್ದೆ.

ಇಷ್ಟು ಬರೆದ ಮೇಲೆ, ಮಾರಿದವರು ನೀವೇ ಅಲ್ಲವೇ ಎಂದು ಯಾರಾದರೂ ಕೇಳುತ್ತಾರೆ, ಯಾವಾಗಲೂ ಕೇಳುತ್ತಾರೆ. ಹೌದು, ಮಾರಿದೆವು. ಚಿಕ್ಕಪ್ಪನಿಗೆ ಇಬ್ಬರು ಹೆಣ್ಣುಮಕ್ಕಳ ಮದುವೆಯಿತ್ತು, ನಮ್ಮಪ್ಪನಿಗೆ ಸೊಸೈಟಿ ಸಾಲವಿತ್ತು. ಎಡಗಡೆಯ ಹೊಲವೂ ಬಲಗಡೆಯ ಹೊಲವೂ ಲೇಔಟ್ ಆಗಿ, ನಡುವೆ ಒಂದೇ ತುಂಡಿನಲ್ಲಿ ರಾಗಿ ಬಿತ್ತಿದರೆ ಕಟ್ಟಡದ ಮರಳೂ ಜಲ್ಲಿಯೂ ಬಂದು ಸಾಲಿನ ಮೇಲೇ ಬೀಳುವಾಗ, ಕಾಯಲು ಬರುತ್ತಿದ್ದ ಹೆಣ್ಣಾಳುಗಳೆಲ್ಲ ಅಪಾರ್ಟ್‌ಮೆಂಟುಗಳ ಮನೆಗೆಲಸಕ್ಕೆ ಹೋದ ಮೇಲೆ, ಒಬ್ಬ ರೈತ ಎಷ್ಟು ಸುಗ್ಗಿ ತಡೆದಾನು? ಅಂದು ಎಕರೆಗೆ ಕೈಗೆ ಬಂದ ದುಡ್ಡಿನಲ್ಲಿ ಇಂದು ಅದೇ ಜಾಗದಲ್ಲಿ ಒಂದು ಸೈಟಿನ ಮೂಲೆಯೂ ಬರುವುದಿಲ್ಲ ಎಂಬ ಹೊಟ್ಟೆಯುರಿ ನನಗಿಲ್ಲವೆಂದರೆ ಸುಳ್ಳಾದೀತು. ಆದರೆ ನನ್ನ ಸಿಟ್ಟು ಆ ದುಡ್ಡಿನದಲ್ಲ. ನಾವು ಮಾರಿದ್ದು ಮಣ್ಣನ್ನು. ಮಣ್ಣಿನಡಿ ಹರಿದು ಬಂದು ಇಡೀ ಊರಿನ ಬಾವಿಗಳನ್ನು ತುಂಬಿಸುತ್ತಿದ್ದ ನೀರನ್ನು ಯಾವ ಕ್ರಯಪತ್ರದಲ್ಲೂ ನಾವು ಬರೆದುಕೊಟ್ಟಿಲ್ಲ. ಒಂದು ಎಕರೆಯ ಕಾಂಪೌಂಡಿನೊಳಗೆ ಪಂಪು ಇಟ್ಟವನು ಆ ಒಂದು ಎಕರೆಯ ನೀರನ್ನು ಮಾತ್ರ ಎತ್ತುತ್ತಾನೆಯೇ?

ಈ ಭಾಗದ ನೆಲದಡಿ ಇರುವುದು ಕಗ್ಗಲ್ಲು. ಬಂಡೆಯ ಬಿರುಕುಗಳಲ್ಲಿ ನಿಂತದ್ದಷ್ಟೇ ನಮಗೆ ಸಿಕ್ಕುವ ನೀರು. ಅದು ಖಾಲಿಯಾದರೆ ಮತ್ತೆ ತುಂಬಬೇಕಾದದ್ದು ಮೇಲೆ ಬಿದ್ದ ಮಳೆಯಿಂದ, ಆದರೆ ಮೇಲೆಲ್ಲ ಕಾಂಕ್ರೀಟ್ ಹಾಸಿಯಾಗಿದೆ. 2011ರಲ್ಲಿ ನಾವು ಮನೆಯ ಮುಂದೆ ಏಳುನೂರು ಅಡಿ ಕೊರೆಸಿದೆವು, ಐದು ವರ್ಷ ಬಂತು. 2017ರಲ್ಲಿ ಸಾಲ ಮಾಡಿ ಸಾವಿರದ ಇನ್ನೂರು ಅಡಿಗೆ ಹೋದೆವು. ಮೂರು ದಿನ ಕೆಸರು ಉಗುಳಿ, ಆಮೇಲೆ ಬರೀ ಧೂಳು. ಆ ಕೇಸಿಂಗ್ ಪೈಪಿಗೆ ಮುಚ್ಚಳ ಹಾಕಿ ಅಮ್ಮ ತುಳಸಿ ಕುಂಡ ಇಟ್ಟಿದ್ದಾಳೆ.

2024ರ ಬೇಸಿಗೆ ನೆನಪಿದೆಯಷ್ಟೆ. ನಗರದ ಸಾವಿರಾರು ಕೊಳವೆಬಾವಿಗಳು ಬತ್ತಿ, ಸುದ್ದಿ ದೇಶಾಂತರಗಳಿಗೆಲ್ಲ ಹೋಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶವಾಯಿತು. ಟ್ಯಾಂಕರುಗಳಿಗೂ ದರ ಕಟ್ಟಿದರು: ಐದು ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ನಾನು ಆ ದರಪಟ್ಟಿಯನ್ನು ಮೊಬೈಲಿನಲ್ಲಿ ಉಳಿಸಿಕೊಂಡು, ನಮಗೆ ನೀರು ಹಾಕುತ್ತಿದ್ದವನಿಗೆ ತೋರಿಸಿದೆ. ಅವನು ಬಹಳ ಮರ್ಯಾದೆಯಿಂದ, ‘ಆ ರೇಟಿಗೆ ಯಾರು ಕೊಡ್ತಾರೋ ಅವರ ಹತ್ರಾನೇ ಹಾಕಿಸ್ಕೊಳಿ ಸಾರ್’ ಎಂದು ಹೇಳಿ ಗಾಡಿ ಹತ್ತಿದ. ಅದಾದ ಮೇಲೆ ಒಂಬತ್ತು ದಿನ ನಮ್ಮ ಓಣಿಗೆ ಯಾವ ಟ್ಯಾಂಕರೂ ಬರಲಿಲ್ಲ. ಹತ್ತನೆಯ ದಿನ ನಾನೇ ಫೋನ್ ಮಾಡಿ ಕ್ಷಮೆ ಕೇಳಿದೆ. ಕೇಳಿದ್ದನ್ನು ಬರೆಯುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಮನೆಯಲ್ಲಿ ಎಪ್ಪತ್ತೆಂಟು ವರ್ಷದ ತಂದೆ, ಪರೀಕ್ಷೆಗೆ ಓದುತ್ತಿದ್ದ ಮಗಳು. ಶೌಚಾಲಯಕ್ಕೆ ಒಂದು ಚೊಂಬು ಲೆಕ್ಕ ಹಾಕಿ ಬಳಸುವಾಗ ಸ್ವಾಭಿಮಾನವನ್ನು ಎಲ್ಲಿ ಇಟ್ಟುಕೊಳ್ಳುವುದು?

ಇನ್ನು ಕಾವೇರಿ. ಈ ನಗರ ಬಾಯಾರಿದಾಗಲೆಲ್ಲ ತನ್ನ ಕೆರೆಗಳ ಕಡೆ ನೋಡದೆ ದೂರಕ್ಕೆ ಕೈ ಚಾಚಿದೆ: ಮೊದಲು ಹೆಸರಘಟ್ಟ, ಆಮೇಲೆ ತಿಪ್ಪಗೊಂಡನಹಳ್ಳಿ, 1974ರಿಂದ ಕಾವೇರಿ. ಕೈ ಚಾಚುತ್ತಲೇ ಹತ್ತಿರದ ಕೆರೆಗಳನ್ನು ಮುಚ್ಚಿತು. ಧರ್ಮಾಂಬುಧಿಯ ಮೇಲೆ ಬಸ್ ನಿಲ್ದಾಣ, ಸಂಪಂಗಿಯ ಮೇಲೆ ಕ್ರೀಡಾಂಗಣ. ನೂರು ಕಿಲೋಮೀಟರ್ ದೂರದಿಂದ, ಬೆಟ್ಟದಷ್ಟು ಎತ್ತರಕ್ಕೆ, ಕರೆಂಟು ಸುಟ್ಟು ತಂದ ನೀರದು. ಐದನೆಯ ಹಂತದ ಯೋಜನೆ ನಮ್ಮಂಥ 110 ಹಳ್ಳಿಗಳಿಗೆಂದೇ ಆದದ್ದು, ದಿನಕ್ಕೆ 77.5 ಕೋಟಿ ಲೀಟರ್. ಅದರ ಪೈಪು ಹೂಳುವುದಕ್ಕೆ ನಮ್ಮೂರಿನ ರಸ್ತೆಗಳನ್ನು ಅಗೆದದ್ದು ಅಗೆದಂತೆಯೇ ಬಿಟ್ಟಿದ್ದರಿಂದ ಎರಡು ಮಳೆಗಾಲ ನಾವು ಕೆಸರಿನಲ್ಲಿ ಓಡಾಡಿದೆವು. ಆದರೂ ಒಬ್ಬರೂ ಗೊಣಗಲಿಲ್ಲ, ನೀರು ಬರುತ್ತದಲ್ಲ ಎಂದು. 2024ರ ಅಕ್ಟೋಬರಿನಲ್ಲಿ ಯೋಜನೆಯ ಉದ್ಘಾಟನೆಯಾದ ದಿನ ನಮ್ಮಪ್ಪ ಟಿ.ವಿ. ಮುಂದೆ ಕೂತು ಕೊನೆಯವರೆಗೂ ನೋಡಿದರು. ಪೈಪು ಬಂದದ್ದು ಮುಖ್ಯರಸ್ತೆಗೆ. ಅಲ್ಲಿರುವ ಅಪಾರ್ಟ್‌ಮೆಂಟು ದುಡ್ಡು ಕಟ್ಟಿ ಸಂಪರ್ಕ ಪಡೆಯಿತು. ನಮ್ಮ ಓಣಿ ಎಂಟು ಅಡಿ ಅಗಲದ್ದು, ಹಳೆಯ ಗ್ರಾಮಠಾಣದ್ದು. ಅಗೆಯುವ ಯಂತ್ರ ಒಳಗೆ ಬರುವುದಿಲ್ಲವಂತೆ, ಇಂಥ ಓಣಿಗಳ ಪಟ್ಟಿ ಬೇರೆಯಂತೆ. ಯಂತ್ರ ಬರದಿದ್ದರೆ ಗುದ್ದಲಿ ಹಿಡಿದು ಅಗೆಯಲು ನಾನೇ ಬರುತ್ತೇನೆ ಎಂದೆ. ಎದುರಿಗಿದ್ದ ಜಲಮಂಡಳಿಯವರು ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ.

ಹಾಗಂತ ನಮ್ಮ ಓಣಿಗೆ ನೀರು ಬರುವುದೇ ಇಲ್ಲ ಎಂದುಕೊಳ್ಳಬೇಡಿ. ಒಂದು ಗಂಟೆ ಜೋರು ಮಳೆ ಹೊಡೆದರೆ ಸಾಕು, ಮೊಣಕಾಲುದ್ದ ಬರುತ್ತದೆ. ಮೂವತ್ತು ಅಡಿಯಿದ್ದ ಕಾಲುವೆಯನ್ನು ಹತ್ತು ಅಡಿಯ ಕಾಂಕ್ರೀಟ್ ಪೆಟ್ಟಿಗೆ ಮಾಡಿ, ಎರಡು ಕಡೆ ಬಲಕ್ಕೆ ತಿರುಗಿಸಿದರೆ ನೀರು ಮತ್ತೆಲ್ಲಿಗೆ ಹೋದೀತು? ಸಂಪಿನ ಮುಚ್ಚಳದ ಸಂದಿಯಿಂದ ಚರಂಡಿ ನೀರು ಇಳಿದು, 1,100 ರೂಪಾಯಿ ಕೊಟ್ಟು ತುಂಬಿಸಿದ್ದನ್ನು ಮೋಟಾರು ಹಾಕಿ ಬೀದಿಗೆ ಚೆಲ್ಲಿದ್ದು ಕಳೆದ ಮಳೆಗಾಲದಲ್ಲೇ ಎರಡು ಸಲ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಸುತ್ತ ಕೋಟಿ ಬೆಲೆಯ ಮನೆಗಳು ಮುಳುಗಿದಾಗ ಸಾಫ್ಟ್‌ವೇರಿನವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿ ದಾಟಿಸಿದ ಚಿತ್ರಗಳನ್ನು ಎಲ್ಲರೂ ನೋಡಿರುತ್ತೀರಿ. ಉಳುವ ಹೊಲವಿಲ್ಲದೆ ಇಟ್ಟಿಗೆ ಸಾಗಿಸಿಕೊಂಡಿದ್ದ ನಮ್ಮೂರಿನ ಎರಡು ಟ್ರ್ಯಾಕ್ಟರುಗಳೂ ಆ ವಾರ ಅಲ್ಲಿಗೆ ಹೋಗಿದ್ದವು.

ಕಳೆದ ತಿಂಗಳು ಮತ್ತೊಮ್ಮೆ ನಲ್ಲಿ ಸಂಪರ್ಕಕ್ಕೆ ಅರ್ಜಿ ಹಾಕಿದೆ. ಇದು ನಾಲ್ಕನೆಯದು. ಕೌಂಟರಿನಲ್ಲಿದ್ದ ಯುವತಿ ಒಳ್ಳೆಯವಳೇ, ತಾಳ್ಮೆಯಿಂದ ಕಂಪ್ಯೂಟರಿನಲ್ಲಿ ಹುಡುಕಿದಳು. ನಮ್ಮ ಓಣಿಯ ಹೆಸರು ಅದರಲ್ಲಿ ಸಿಗಲಿಲ್ಲ. ಊರಿನ ಹೆಸರು ಹಾಕಿದರೆ ಬಡಾವಣೆಗಳ ಹೆಸರುಗಳು ಬಂದವು, ಎಲ್ಲವೂ ಇಂಗ್ಲಿಷಿನವು. ಗಂಗಮ್ಮನ ಗುಡಿ ಬೀದಿ ಎಂದೆ, ಕೆರೆ ಏರಿಯ ಕೆಳಗಿನ ಓಣಿ ಎಂದೆ, ಪಟೇಲರ ಮನೆಯ ಹಿಂದೆ ಎಂದೆ. ನೂರಾರು ವರ್ಷದಿಂದ ಅಂಚೆಯವನಿಗೂ ನೆಂಟರಿಗೂ ಸಾಲ ವಸೂಲಿಗೆ ಬಂದವರಿಗೂ ಸಾಕಾಗಿದ್ದ ಗುರುತುಗಳವು. ಆಕೆ ಕೊನೆಗೆ, ‘ಸಾರ್, ಹತ್ತಿರ ಯಾವುದಾದರೂ ಅಪಾರ್ಟ್‌ಮೆಂಟ್ ಇದ್ದರೆ ಅದರ ಹೆಸರು ಹೇಳಿ’ ಎಂದಳು. ಹೇಳಿದೆ. ತಕ್ಷಣ ಸಿಕ್ಕಿತು. ಅರ್ಜಿಯಲ್ಲಿ ನಮ್ಮ ಮನೆಯ ವಿಳಾಸ ಈಗ ಆ ಅಪಾರ್ಟ್‌ಮೆಂಟಿನ ಕಸದ ಗೇಟಿನ ಎದುರು ಎಂದಿದೆ.