ಕೂಸಿಗೂ ಮುಂಚೆ ಕುಲಾವಿ

ನಿನ್ನೆ ರಾತ್ರಿ ಮೂರು ಗಂಟೆವರೆಗೆ ಎದ್ದಿದ್ದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಮಗಳಿರುವ ಎಡಿಸನ್‌ನಲ್ಲಿ ಹಿಮ ಬೀಳುತ್ತದೆ ಅಂತ ಬಸವನಗುಡಿಯಲ್ಲಿ ನಾನು ನಿದ್ದೆಗೆಟ್ಟೆ. ಬಿತ್ತು. ಎರಡು ಇಂಚು.

ಹದಿನೆಂಟು ಇಂಚು ಅಂದಿದ್ದರು ಕಣ್ರೀ! ಮೂರು ದಿನದಿಂದ ಮಗಳು ಅಲ್ಲಿನ ಟಿವಿ ಕ್ಲಿಪ್ಪುಗಳನ್ನು ಕಳಿಸುತ್ತಲೇ ಇದ್ದಳು. ಕೆಳಗೆ ಕೆಂಪು ಪಟ್ಟಿ, ಹಿಂದೆ ಎದೆ ನಡುಗಿಸುವ ಸಂಗೀತ, ಮಧ್ಯದಲ್ಲಿ ಬಿರುಗಾಳಿಗೊಂದು ಹೆಸರು. ಬೆಳಗ್ಗೆ ವಿಡಿಯೋ ಕಾಲ್ ಮಾಡಿ, ಕಾರಿನ ಬಾನೆಟ್ ಮೇಲೆ ಇಡ್ಲಿಯಷ್ಟು ದಪ್ಪ ಕೂತಿದ್ದ ಹಿಮ ತೋರಿಸಿದಳು. "ನೋಡಮ್ಮ, ನಿನ್ನ ಐತಿಹಾಸಿಕ ಬಿರುಗಾಳಿ" ಅಂದಳು. ನನ್ನದಂತೆ!

ಲೆಕ್ಕ ತಪ್ಪಿದ್ದಕ್ಕೆ ನನಗೆ ಸಿಟ್ಟಿಲ್ಲ. ಮೂವತ್ತು ವರ್ಷ ಭೂಗೋಳ ಪಾಠ ಮಾಡಿದವಳಿಗೆ ಆಕಾಶ ಯಾರ ಮಾತೂ ಕೇಳುವುದಿಲ್ಲ ಅಂತ ಗೊತ್ತಿಲ್ಲವೇ? ನಮ್ಮೂರಲ್ಲೇ ಯಲಹಂಕದಲ್ಲಿ ಧೋ ಅಂತ ಸುರಿಯುವಾಗ ಜಯನಗರದಲ್ಲಿ ಹಪ್ಪಳ ಒಣಗುತ್ತಿರುತ್ತದೆ. ಹಿಮದ ಲೆಕ್ಕ ಇನ್ನೂ ಕಷ್ಟ. ಒಂದು ಇಂಚು ಮಳೆಯಾಗುವಷ್ಟು ನೀರು ಹಿಮವಾಗಿ ಬಿದ್ದರೆ ಸುಮಾರು ಹತ್ತು ಇಂಚು ಆಗುತ್ತದೆ. ಗಾಳಿ ಒಂದೆರಡು ಡಿಗ್ರಿ ಬೆಚ್ಚಗಿತ್ತೋ, ಅದೇ ನೀರು ಬರೀ ಮಳೆ. ಈ ಕಡೆ ಮಳೆ, ಆ ಕಡೆ ಹಿಮ ಅನ್ನುವ ಗೆರೆ ಎಷ್ಟೋ ಸಲ ಸರಿಯಾಗಿ ನ್ಯೂಜೆರ್ಸಿ, ನ್ಯೂಯಾರ್ಕ್ ಮೇಲೆಯೇ ಹಾದುಹೋಗುತ್ತದೆ. ಅದು ಇಲ್ಲಿಂದ ರಾಮನಗರದಷ್ಟು ದೂರ ಸರಿದರೂ ಸಾಕು, ಎಲ್ಲ ತಲೆಕೆಳಗು. ತಪ್ಪಲಿ ಬಿಡಿ. ಪಾಪ, ಅವರೂ ಮನುಷ್ಯರೇ.

ನನ್ನ ಸಿಟ್ಟು ಆ ಹೆಸರಿನ ಮೇಲೆ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ನಾವು ಹೇಳುತ್ತೇವಲ್ಲ, ಇಲ್ಲಿ ಬರೀ ಕುಲಾವಿಯಲ್ಲ. ನಾಮಕರಣ, ಜಾತಕ, ಹೋಳಿಗೆ ಊಟ, ಎಲ್ಲ ಮುಗಿದಿರುತ್ತದೆ. ಕೂಸು ಮಾತ್ರ ಇನ್ನೂ ಬಂದಿರುವುದಿಲ್ಲ.

ಚಳಿಗಾಲದ ಈ ನಾಮಕರಣವನ್ನು ಅಮೆರಿಕದಲ್ಲಿ ದೇಶಮಟ್ಟದಲ್ಲಿ ಶುರು ಮಾಡಿದ್ದು ದಿ ವೆದರ್ ಚಾನೆಲ್ ಅನ್ನುವ ಟಿವಿ ವಾಹಿನಿ, 2012ರಲ್ಲಿ. ಅಲ್ಲಿನ ಸರ್ಕಾರಿ ಹವಾಮಾನ ಸೇವೆ ಆ ಹೆಸರುಗಳನ್ನು ಬಳಸುವುದೇ ಇಲ್ಲ. ನಮ್ಮ ಬಂಗಾಳಕೊಲ್ಲಿಯ ಚಂಡಮಾರುತಕ್ಕೂ ಹೆಸರಿದೆ, ಒಪ್ಪುತ್ತೇನೆ. ಆದರೆ ಅದಕ್ಕೊಂದು ಕ್ರಮ ಇದೆ. 13 ದೇಶಗಳು ಸೇರಿ ಕೊಟ್ಟ ಪಟ್ಟಿ. ಗಾಳಿ ಗಂಟೆಗೆ 62 ಕಿಲೋಮೀಟರ್ ಮುಟ್ಟಿದ ಮೇಲೆಯೇ ದೆಹಲಿಯ ಹವಾಮಾನ ಇಲಾಖೆಯವರು ಫೆಂಗಲ್ ಅಂತಲೋ ಮಿಚಾಂಗ್ ಅಂತಲೋ ಕರೆಯುತ್ತಾರೆ. ಅಲ್ಲಿವರೆಗೆ ಅದು ಸುಮ್ನೆ ವಾಯುಭಾರ ಕುಸಿತ. ಎಷ್ಟು ಮರ್ಯಾದಸ್ಥ ಮಾತು ನೋಡಿ. ಯಾರಿಗೂ ಹೊಟ್ಟೆ ತೊಳಸುವುದಿಲ್ಲ.

ಇನ್ನು ಬ್ಲಿಜಾರ್ಡ್. ಎರಡು ಹಿಮದ ಹನಿ ಕಂಡರೂ ಟಿವಿಯವರ ಬಾಯಲ್ಲಿ ಬ್ಲಿಜಾರ್ಡ್. ಅಲ್ಲಿನ ಸರ್ಕಾರದ ಲೆಕ್ಕದಲ್ಲಿ ಆ ಪದಕ್ಕೆ ಗಟ್ಟಿ ಅರ್ಥ ಇದೆ. ಗಂಟೆಗೆ 35 ಮೈಲಿ, ಅಂದರೆ 56 ಕಿಲೋಮೀಟರ್ ಗಾಳಿ. ಹಿಮ ಹಾರಿ ಕಾಲು ಮೈಲಿ ಆಚೆ ಏನೂ ಕಾಣಬಾರದು. ಇದು ಮೂರು ಗಂಟೆ ಹೀಗೇ ಇರಬೇಕು. ಎಷ್ಟು ಇಂಚು ಬೀಳಬೇಕು ಅನ್ನುವ ಮಾತೇ ಅದರಲ್ಲಿಲ್ಲ! ಬಿದ್ದ ಹಿಮವನ್ನೇ ಗಾಳಿ ಎಬ್ಬಿಸಿದರೂ ಅದು ಬ್ಲಿಜಾರ್ಡ್. "ಬಾಂಬ್ ಸೈಕ್ಲೋನ್" ಕಥೆಯೂ ಇದೇ. 24 ಗಂಟೆಯಲ್ಲಿ ಬಿರುಗಾಳಿಯ ನಡುವಿನ ವಾಯುಭಾರ ಸುಮಾರು 24 ಮಿಲಿಬಾರ್ ಕುಸಿದರೆ ಹಾಗೆ ಕರೆಯಬಹುದು ಅಂತ ವಿಜ್ಞಾನಿಗಳು 1980ರಲ್ಲಿ ತಮ್ಮ ತಮ್ಮಲ್ಲೇ ಬರೆದುಕೊಂಡ ಮಾತು ಅದು. ಒಮ್ಮೆ ಅದು ನಮ್ಮ ಕನ್ನಡ ಸುದ್ದಿಗೂ ಬಂತು. ಹಾಸನದಿಂದ ಅಕ್ಕ ಫೋನ್ ಮಾಡಿ, "ಬಾಂಬ್ ಹಾಕಿದ್ದು ಯಾರಂತೆ?" ಅಂತ ಅತ್ತಳು. ಅವಳನ್ನು ಸಮಾಧಾನ ಮಾಡಲು ಅರ್ಧ ಗಂಟೆ ಹಿಡಿಯಿತು. ಆ ಅರ್ಧ ಗಂಟೆ ಯಾರು ಕೊಡುತ್ತಾರೆ?

2015ರ ಜನವರಿ ನೆನಪಿದೆಯಾ? ಮಗಳು ಆಗ ತಾನೇ ಅಲ್ಲಿಗೆ ಹೋಗಿದ್ದಳು. ಆಗಿನ ಬಿರುಗಾಳಿಗೆ ಆ ವೆದರ್ ಚಾನೆಲ್ ಇಟ್ಟ ಹೆಸರು ಜೂನೋ. ನ್ಯೂಯಾರ್ಕಿಗೆ 20ರಿಂದ 30 ಇಂಚು ಅಂದರು. ಊರಿನ ಇತಿಹಾಸದಲ್ಲೇ ದೊಡ್ಡದಾಗಬಹುದು ಅಂತ ಮೇಯರ್ ಹೇಳಿದರು. 110 ವರ್ಷದಲ್ಲಿ ಮೊದಲ ಸಲ ಹಿಮಕ್ಕೆ ಹೆದರಿ ಸಬ್‌ವೇ, ಅಂದರೆ ಅಲ್ಲಿನ ಮೆಟ್ರೋ ರೈಲು, ನಿಲ್ಲಿಸಿದರು. ಊರ ನಡುವಿನ ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದಿದ್ದು 9.8 ಇಂಚು. ಬಿರುಗಾಳಿ ಸ್ವಲ್ಪ ಪೂರ್ವಕ್ಕೆ ಸರಿದಿತ್ತು, ಅಷ್ಟೇ. ಅದೇ ಜೂನೋ ಬಾಸ್ಟನ್‌ನಲ್ಲಿ 24.6 ಇಂಚು ಸುರಿಯಿತು. ಅಲ್ಲಿನವರಿಗೆ ಅದು ನಿಜವಾಗಿಯೂ ದೊಡ್ಡದೇ. ನ್ಯೂಜೆರ್ಸಿ ಕಡೆಯ ಸರ್ಕಾರಿ ಹವಾಮಾನ ತಜ್ಞರೊಬ್ಬರು ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು. ಹೆಸರಿಟ್ಟವರು ಮುಂದಿನ ಹೆಸರು ಹುಡುಕಲು ಹೋದರು.

ಈಗ ಯಾರಾದರೂ ಕಾಮೆಂಟಿನಲ್ಲಿ ಬರೆಯುತ್ತೀರಿ, ನನಗೆ ಗೊತ್ತು: "ಮೇಡಂ, ಹೆಸರಿದ್ದರೆ ಜನ ಎಚ್ಚರಾಗುತ್ತಾರೆ. ಜಾಸ್ತಿ ಹೇಳಿ ತಪ್ಪಿದರೇನು, ಕಡಿಮೆ ಹೇಳಿ ಜೀವ ಹೋಗುವುದಕ್ಕಿಂತ ವಾಸಿ ಅಲ್ವಾ?" ಹೌದಪ್ಪ, ವಾಸಿ. ಒಂದು ಸಲ, ಎರಡು ಸಲ. 2017ರ ಮಾರ್ಚ್‌ನಲ್ಲಿ ಏನಾಯಿತು ಗೊತ್ತಾ? ನ್ಯೂಯಾರ್ಕಿನ ಅಂಕಿ ಇಳಿಯುವ ಸೂಚನೆ ಹಿಂದಿನ ದಿನವೇ ಸರ್ಕಾರಿ ತಜ್ಞರಿಗೆ ಸಿಕ್ಕಿತ್ತು. ಫೋನಿನಲ್ಲಿ ಸೇರಿ ಮಾತಾಡಿ, ಜನ ಗಲಿಬಿಲಿಯಾಗುತ್ತಾರೆ ಅಂತ ದೊಡ್ಡ ಅಂಕಿಯನ್ನೇ ಉಳಿಸಿಕೊಂಡರು. ಸೆಂಟ್ರಲ್ ಪಾರ್ಕಿನಲ್ಲಿ ಬಿದ್ದಿದ್ದು 7.6 ಇಂಚು. ಗಲಿಬಿಲಿಯಾಗುತ್ತಾರಂತೆ! ಏಳನೇ ಕ್ಲಾಸಿನ ಮಕ್ಕಳಿಗೆ "ಬರಬಹುದು, ಬರದೇ ಇರಬಹುದು" ಅಂದರೆ ಅರ್ಥವಾಗುತ್ತಿತ್ತು. ಪಾಠ ಮಾಡಿದವಳು ನಾನು, ಹೇಳುತ್ತಿದ್ದೇನೆ.

ನಮ್ಮಜ್ಜಿಗೂ ಮಳೆಯ ಹೆಸರೆಲ್ಲ ಬಾಯಿಪಾಠ. ಭರಣಿ, ರೋಹಿಣಿ, ಆರಿದ್ರ, ಹಸ್ತ, ಸ್ವಾತಿ. ಆದರೆ ಅವು ಪಂಚಾಂಗದ ಹೆಸರುಗಳು. ಸುರಿದರೂ ಆರಿದ್ರ, ಸುರಿಯದಿದ್ದರೂ ಆರಿದ್ರ. "ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ" ಅನ್ನುತ್ತಿದ್ದಳು. ಬಂದರೆ ಏನು, ಬರದಿದ್ದರೆ ಏನು, ಎರಡೂ ಒಂದೇ ಉಸಿರಲ್ಲಿ. ಕೆಂಪು ಪಟ್ಟಿಯಲ್ಲಿ ಅಷ್ಟು ಜಾಗ ಇಲ್ಲವೇ?

ಅಮೆರಿಕದವರ ಹತ್ತಿರವೇ ಒಳ್ಳೆಯ ಪದ್ಧತಿಯೂ ಇದೆ ಅನ್ನುವುದು ಇನ್ನೂ ಹೊಟ್ಟೆ ಉರಿಸುತ್ತದೆ. ಕೋಸಿನ್, ಉಚೆಲಿನಿ ಅನ್ನುವ ಇಬ್ಬರು ವಿಜ್ಞಾನಿಗಳು ಈಶಾನ್ಯ ಅಮೆರಿಕದ ಹಿಮಪಾತಗಳಿಗೆ ಐದು ದರ್ಜೆ ಮಾಡಿದ್ದಾರೆ. ಎಷ್ಟು ಬಿತ್ತು, ಎಷ್ಟು ದೂರ ಹರಡಿತು, ಅಲ್ಲಿ ಎಷ್ಟು ಜನ ಇದ್ದರು, ಎಲ್ಲ ಲೆಕ್ಕ ಹಾಕಿ ದರ್ಜೆ ಕೊಡುತ್ತಾರೆ. ಯಾವಾಗ? ಬಿರುಗಾಳಿ ಹೋದ ಮೇಲೆ. ಪರೀಕ್ಷೆ ಬರೆದ ಮೇಲೆ ಮಾರ್ಕ್ಸ್, ನಮ್ಮ ಹಾಗೆ. ಅದನ್ನು ಯಾವ ಟಿವಿಯೂ ತೋರಿಸುವುದಿಲ್ಲ. ಹಿಮ ಕರಗಿದ ಮೇಲೆ ಯಾರಿಗೆ ಬೇಕು?

ಸರಿ, ಒಂದು ನಿಜ ಹೇಳಿಬಿಡುತ್ತೇನೆ, ನಗಬೇಡಿ. ಮೂರು ದಿನದಿಂದ ಬ್ಯೂಗಲ್ ರಾಕ್ ವಾಕಿಂಗ್ ಗುಂಪಿನಲ್ಲಿ ನಾನೇ ಈ ಬಿರುಗಾಳಿಯ ವಕ್ತಾರೆ. ಹೆಸರು ಹಿಡಿದೇ ಹೇಳುತ್ತಿದ್ದೆ, ನಮ್ಮ ಬೀಗರ ಹೆಸರು ಹೇಳಿದ ಹಾಗೆ. ಹಾಲು, ಅಕ್ಕಿ, ಮೇಣದಬತ್ತಿ ತಂದಿಟ್ಟುಕೋ ಅಂತ ಮಗಳಿಗೆ ಹತ್ತು ಸಲ ಹೇಳಿದ್ದನ್ನೂ ವರದಿ ಮಾಡಿದ್ದೆ. ಇವತ್ತು ಎರಡು ಇಂಚು ಅಂತ ಕೇಳಿದಾಗ ಮೊದಲು ಬಂದಿದ್ದು ನೆಮ್ಮದಿಯಲ್ಲ. ನಿರಾಸೆ. ಮಗಳು, ಮೊಮ್ಮಗ ಬೆಚ್ಚಗಿದ್ದಾರೆ ಅನ್ನುವುದು ಆಮೇಲೆ ಹೊಳೆಯಿತು. ಈ ಬೆಳಗ್ಗೆ ವಾಕಿಂಗಿಗೆ ಹೋಗಲಿಲ್ಲ. ಮಂಡಿ ನೋವು ಅಂತ ಮೆಸೇಜ್ ಹಾಕಿದೆ.

ಇಷ್ಟು ಬರೆಯುವಷ್ಟರಲ್ಲಿ ಮಗಳ ಮೆಸೇಜ್ ಬಂತು. ಗುರುವಾರ ಇನ್ನೊಂದು ಬರುತ್ತದಂತೆ, ಇದು ನಿಜವಾಗಿಯೂ ದೊಡ್ಡದಂತೆ. ಎಷ್ಟು ಇಂಚು ಅಂತ ನಾನು ಕೇಳಲಿಲ್ಲ. "ಹೆಸರೇನಂತೆ?" ಅಂತ ಕೇಳಿದೆ.