ಉಗುರು ಮುರಿದರೂ ಗಮ್ಮಿ, ಕೂದಲು ಉದುರಿದರೂ ಗಮ್ಮಿ

ಕೂದಲು, ಉಗುರಿಗೆ ಒಳ್ಳೆಯದು ಅಂತ ಮಾತ್ರೆಯಾಗಿಯೋ ಗಮ್ಮಿಯಾಗಿಯೋ (ಜಗಿಯುವ ಮಿಠಾಯಿಯಂಥದ್ದು) ಮಾರುವ ಬಯೋಟಿನ್ ಅನ್ನುವ ಬಿ ವಿಟಮಿನ್ ತಗೋಬಹುದಾ ಅಂತ ಇನ್‌ಬಾಕ್ಸಿನಲ್ಲಿ ಕೇಳುವವರು ಜಾಸ್ತಿ ಆಗಿದ್ದಾರೆ. ಒಬ್ಬೊಬ್ಬರಿಗೂ ಬರೆಯುವ ಬದಲು ಇಲ್ಲೇ ಬರೆದುಬಿಡುತ್ತೇನೆ. ನಾನು ಡಾಕ್ಟರಲ್ಲ. ಮೈಸೂರಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಆದರೆ ದಿನವಿಡೀ ಜನರ ಕೈ ಹಿಡಿದುಕೊಂಡು ಕೂರುವ ಕೆಲಸ ನನ್ನದು. ತೋಳಿಗೆ ಪಟ್ಟಿ ಕಟ್ಟಿ "ಮುಷ್ಟಿ ಬಿಗಿ ಹಿಡೀರಿ" ಅಂದಾಗ ಮೊದಲು ಕಣ್ಣಿಗೆ ಬೀಳುವುದೇ ಉಗುರು.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ದೇಹದಲ್ಲಿ ಏನಾದರೂ ಕೊರತೆ ಇದ್ದರೆ ಅದನ್ನು ತುಂಬುವ ಮಾತ್ರೆಯಿಂದ ಉಗುರಿಗೂ ಕೂದಲಿಗೂ ಒಳ್ಳೆಯದಾಗುತ್ತದೆ. ಕೊರತೆ ಇಲ್ಲದಿದ್ದರೆ ದುಡ್ಡು ದಂಡ. ನಮ್ಮ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಕಾಣುವುದು ಬಯೋಟಿನ್ ಕೊರತೆ ಅಲ್ಲ, ಕಬ್ಬಿಣದ ಕೊರತೆ. ಬಯೋಟಿನ್ ಬಗ್ಗೆ ಫೋನ್ ತೆಗೆದರೆ ಸಾಕು, ಜಾಹೀರಾತು. ಕಬ್ಬಿಣದ ಬಗ್ಗೆ ಮಾತಾಡುವವರಿಲ್ಲ. ನನಗೆ ಸಿಟ್ಟಿರುವುದು ಇಲ್ಲಿ.

ಮನೆಯಲ್ಲಿ ಬಾಟಲಿ ಇದ್ದರೆ ತಿರುಗಿಸಿ ಓದಿ. ದೊಡ್ಡವರಿಗೆ ದಿನಕ್ಕೆ ಬೇಕಾದ ಬಯೋಟಿನ್ ಸುಮಾರು 30 ಮೈಕ್ರೋಗ್ರಾಂ. ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಬಾಟಲಿಯ ಒಂದು ಮಾತ್ರೆಯಲ್ಲಿ 10,000 ಮೈಕ್ರೋಗ್ರಾಂ ಇರುತ್ತದೆ. ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಇದು ದಿನದ ಅಗತ್ಯದ ಶೇಕಡಾ ಎಷ್ಟು ಅಂತ ಬರೆದಿರುತ್ತಾರೆ: 33,333. ಒಂದು ವರ್ಷಕ್ಕೆ ಸಾಕಾಗುವಷ್ಟು ಬಹುತೇಕ ಒಂದೇ ದಿನಕ್ಕೆ ನುಂಗಿದ ಹಾಗಾಯಿತು. ಕಡಲೆಕಾಯಿ, ಬಾದಾಮಿ, ಗೆಣಸು, ಮೊಟ್ಟೆಯ ಹಳದಿ ಎಲ್ಲದರಲ್ಲೂ ಬಯೋಟಿನ್ ಇದೆ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳೂ ಒಂದಿಷ್ಟು ತಯಾರು ಮಾಡುತ್ತವೆ. ಹಾಗಾಗಿ ನಿಜವಾದ ಕೊರತೆ ತುಂಬಾ ಅಪರೂಪ. ಹುಟ್ಟಿನಿಂದಲೇ ಅದಕ್ಕೆ ಸಂಬಂಧಪಟ್ಟ ದೋಷ ಇರುವ ಮಕ್ಕಳಲ್ಲಿ, ಕೆಲವು ಬಗೆಯ ಫಿಟ್ಸ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಕಾಣಬಹುದು. ಇನ್ನೊಂದು ಗುಂಪು, ಹಸಿ ಮೊಟ್ಟೆಯ ಬಿಳಿಯನ್ನು ತಿಂಗಳುಗಟ್ಟಲೆ ಕುಡಿಯುವವರು. ಆ ಬಿಳಿಯಲ್ಲಿರುವ ಒಂದು ಪ್ರೋಟೀನು ಬಯೋಟಿನ್ ಅನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ. ಬೇಯಿಸಿದರೆ ಆ ತೊಂದರೆ ಇಲ್ಲ. ಜಿಮ್ಮಿಗೆ ಹೋಗುವ ಹುಡುಗರು ದಯವಿಟ್ಟು ಗಮನಿಸಿ.

ಹಾಗಿದ್ದರೆ ಉಗುರಿಗೂ ಬಯೋಟಿನ್‌ಗೂ ನಂಟು ಬೆಳೆದದ್ದು ಹೇಗೆ? ಕುದುರೆಗಳ ಗೊರಸಿನಿಂದ. ಗೊರಸು ಸೀಳುವ ಕುದುರೆಗಳಿಗೆ ಪಶುವೈದ್ಯರು ಬಯೋಟಿನ್ ಕೊಡುತ್ತಿದ್ದರು, ಸುಧಾರಣೆಯೂ ಕಾಣುತ್ತಿತ್ತು. ಗೊರಸೂ ಉಗುರೂ ಕೆರಾಟಿನ್ ಅನ್ನುವ ಪ್ರೋಟೀನಿನಿಂದಲೇ ಆದದ್ದು, ಮನುಷ್ಯರಿಗೂ ಕೊಟ್ಟು ನೋಡೋಣ ಅಂತ ಸ್ವಿಟ್ಜರ್ಲೆಂಡಿನಲ್ಲಿ ಕೆಲವರು ಹೊರಟರು. ದಿನಕ್ಕೆ 2.5 ಮಿಲಿಗ್ರಾಂ ಕೊಟ್ಟಾಗ ಉಗುರು ಶೇಕಡಾ 25ರಷ್ಟು ದಪ್ಪವಾಯಿತು ಅಂತ 1990ರಲ್ಲಿ ವರದಿ ಬಂತು. ಅದು ಸುಳ್ಳಲ್ಲ. ಆದರೆ ಪರೀಕ್ಷೆಗೆ ಒಳಗಾದವರು ಬೆರಳೆಣಿಕೆಯಷ್ಟು ಜನ, ಮೇಲಾಗಿ ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಸುಮ್ನೆ ಹಿಟ್ಟಿನ ಮಾತ್ರೆ ಕೊಟ್ಟು ಹೋಲಿಸಿ ನೋಡಿರಲಿಲ್ಲ. 2017ರಲ್ಲಿ, ಬಯೋಟಿನ್‌ನಿಂದ ಕೂದಲೋ ಉಗುರೋ ಸರಿಹೋಯಿತು ಎಂದು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾದ ಪ್ರಕರಣಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸಿಕ್ಕಿದ್ದು 18. ಆ 18 ಜನಕ್ಕೂ ಕೂದಲು ಉಗುರು ಕೆಡುವುದಕ್ಕೆ ಬೇರೊಂದು ಮೂಲ ಕಾಯಿಲೆ ಇತ್ತು. ಆರೋಗ್ಯವಾಗಿರುವವರಿಗೆ ಲಾಭ ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ.

"ಆದ್ರೆ ನಂಗೆ ಆಯ್ತಲ್ಲ ಮೇಡಂ" ಅನ್ನುವವರು ಇದ್ದೇ ಇರುತ್ತಾರೆ. ಇದ್ದಾರೆ, ನಂಬುತ್ತೇನೆ. ಆದರೆ ಡೆಂಗಿ, ಟೈಫಾಯ್ಡ್, ಕೊರೊನಾ, ದೊಡ್ಡ ಆಪರೇಷನ್, ಹೆರಿಗೆ ಇವುಗಳಲ್ಲಿ ಯಾವುದಾದರೂ ಆದ ಎರಡು ಮೂರು ತಿಂಗಳಿಗೆ ಕೂದಲು ಕೈಗೆ ಕೈಗೆ ಬರುತ್ತದೆ. ಮಗು ತಾಯಿಯ ಮುಖ ನೋಡಿ ನಗಲು ಶುರು ಮಾಡಿದರೆ ತಾಯಿಯ ಕೂದಲು ಉದುರುತ್ತದೆ ಅಂತ ಅಜ್ಜಿಯರು ಹೇಳುತ್ತಿದ್ದರಲ್ಲ, ಸಮಯದ ಲೆಕ್ಕ ಸರಿಯಾಗಿಯೇ ಇತ್ತು. ಸಾಮಾನ್ಯವಾಗಿ ಆರು ತಿಂಗಳೊಳಗೆ ಅದು ತಾನಾಗಿಯೇ ನಿಲ್ಲುತ್ತದೆ. ನಾವು ಬಾಟಲಿ ಕೊಳ್ಳುವುದು ಯಾವಾಗ? ಬಾತ್‌ರೂಮಿನ ಜಾಲರಿಯಲ್ಲಿ ಕೂದಲಿನ ಉಂಡೆ ಕಂಡಾಗ. ಬಾಟಲಿ ಮುಗಿಯುವ ಹೊತ್ತಿಗೆ ಉದುರುವುದೂ ನಿಂತಿರುತ್ತದೆ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ಇಷ್ಟೇ ಆಗಿದ್ದರೆ ನಾನು ಬಾಯಿ ಮುಚ್ಚಿಕೊಂಡು ಇರುತ್ತಿದ್ದೆ. ಅವರವರ ದುಡ್ಡು, ಅವರವರ ಖುಷಿ. ತೊಂದರೆ ಇರುವುದು ನನ್ನ ಟೇಬಲ್ಲಿನ ಮೇಲೆ.

ರಕ್ತ ತೆಗೆಯುವ ಮೊದಲು "ಔಷಧಿ ಏನಾದ್ರೂ ತಗೋತೀರಾ?" ಅಂತ ಕೇಳುತ್ತೇವೆ. "ಏನೂ ಇಲ್ಲ" ಅನ್ನುತ್ತಾರೆ. ಬಿ.ಪಿ. ಮಾತ್ರೆ ಔಷಧಿ, ಶುಗರ್ ಮಾತ್ರೆ ಔಷಧಿ. ಸ್ಟ್ರಾಬೆರಿ ರುಚಿಯ ಗಮ್ಮಿಯನ್ನು ಯಾರೂ ಔಷಧಿ ಅಂದುಕೊಳ್ಳುವುದಿಲ್ಲ. ಆದರೆ ಥೈರಾಯ್ಡ್ ಪರೀಕ್ಷೆ ಮಾಡುವ ಎಷ್ಟೋ ಯಂತ್ರಗಳು ಕೆಲಸ ಮಾಡುವುದೇ ಬಯೋಟಿನ್ ಬಳಸಿಕೊಂಡು. ಪರೀಕ್ಷೆಯ ರಾಸಾಯನಿಕದಲ್ಲಿ ಬಯೋಟಿನ್ ಅಂಟಿನಂತೆ ಇರುತ್ತದೆ. ರಕ್ತದಲ್ಲೇ ರಾಶಿ ರಾಶಿ ಬಯೋಟಿನ್ ಇದ್ದರೆ ಅದು ಹೋಗಿ ಆ ಜಾಗ ಹಿಡಿದುಬಿಡುತ್ತದೆ, ಲೆಕ್ಕ ತಪ್ಪುತ್ತದೆ. ಥೈರಾಯ್ಡ್ ಗ್ರಂಥಿಯನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನು ಟಿಎಸ್‌ಎಚ್ ಇರುವುದಕ್ಕಿಂತ ಕಡಿಮೆ, ಆ ಗ್ರಂಥಿ ಬಿಡುವ ಹಾರ್ಮೋನು ಟಿ4 ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಂದರೆ ಚೆನ್ನಾಗಿರುವವರಿಗೂ ಥೈರಾಯ್ಡ್ ಹೆಚ್ಚಾಗಿದೆ ಅಂತ ವರದಿ ಬರುತ್ತದೆ.

ನಮ್ಮಲ್ಲಿಗೆ ಬಂದಿದ್ದ ಒಬ್ಬ ಟೀಚರಿಗೆ ಹೀಗೇ ಆಯಿತು. ವರದಿ ನೋಡಿದರೆ ಕೈ ನಡುಗಬೇಕು, ಎದೆ ಡವಡವ ಅನ್ನಬೇಕು, ತೂಕ ಇಳಿದಿರಬೇಕು. ಅವರಿಗೆ ಯಾವುದೂ ಇಲ್ಲ. ಡಾಕ್ಟರು ಅನುಭವಸ್ಥರು, ನೇರವಾಗಿ ಕೇಳಿದ್ದು ಒಂದೇ: "ಕೂದಲಿಗೆ ಏನಮ್ಮಾ ತಗೋತಿದ್ದೀರಾ?" ಬ್ಯಾಗಿನಿಂದಲೇ ಡಬ್ಬಿ ಹೊರಗೆ ಬಂತು. ಒಂದು ವಾರ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರೆ ಎಲ್ಲ ಸರಿಯಾಗಿತ್ತು. ಆ ಪ್ರಶ್ನೆ ಕೇಳದ ಡಾಕ್ಟರು ಸಿಕ್ಕಿದ್ದರೆ? ಸುಮ್ನೆ ಥೈರಾಯ್ಡ್ ತಗ್ಗಿಸುವ ಮಾತ್ರೆ ನುಂಗುತ್ತಾ ಇರಬೇಕಾಗಿತ್ತು.

ಇದಕ್ಕಿಂತ ಭಯದ ವಿಷಯ ಟ್ರೋಪೋನಿನ್. ಎದೆನೋವು ಅಂತ ಬಂದವರಿಗೆ ಹಾರ್ಟ್ ಅಟ್ಯಾಕೋ ಅಲ್ಲವೋ ಅಂತ ತಿಳಿಯಲು ಮಾಡುವ ಪರೀಕ್ಷೆ. ಬಯೋಟಿನ್ ಜಾಸ್ತಿ ಇದ್ದರೆ ಕೆಲವು ಯಂತ್ರಗಳಲ್ಲಿ ಇದೂ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಈ ಬಗ್ಗೆ ಎಚ್ಚರಿಕೆ ಕೊಟ್ಟಾಗ, ಹೀಗೆ ತಪ್ಪು ಫಲಿತಾಂಶ ಬಂದ ಒಬ್ಬರು ತೀರಿಕೊಂಡ ವಿಷಯವನ್ನೂ ಹೇಳಿತ್ತು. ಆಮೇಲೆ ಹಲವು ಕಂಪನಿಗಳು ಪರೀಕ್ಷೆಯ ವಿಧಾನ ಬದಲಾಯಿಸಿವೆ. ಆದರೆ ನಿಮ್ಮ ಬೀದಿಯ ಲ್ಯಾಬಿನಲ್ಲಿ ಯಾವ ಯಂತ್ರ ಇದೆ ಅಂತ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ? ಹೇಳಿಬಿಡುವುದೇ ವಾಸಿ.

ಈಗ ಕಬ್ಬಿಣಕ್ಕೆ ಬರುತ್ತೇನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ. ನಮ್ಮ ರಾಜ್ಯದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು. ರಕ್ತಹೀನತೆ ಎಲ್ಲವೂ ಕಬ್ಬಿಣದ್ದೇ ಅಲ್ಲ, ಆದರೆ ದೊಡ್ಡ ಪಾಲು ಅದರದ್ದು. ನನ್ನ ಮುಂದೆ ಮುಷ್ಟಿ ಬಿಗಿ ಹಿಡಿಯುವ ಕೈಗಳಲ್ಲಿ ಉಗುರು ಬಿಳಿಚಿಕೊಂಡು, ತೆಳ್ಳಗಾಗಿ, ಕೆಲವರಲ್ಲಂತೂ ಮಧ್ಯೆ ತಗ್ಗಾಗಿ ಒಂದು ಹನಿ ನೀರು ನಿಲ್ಲುವ ಹಾಗೆ ಚಮಚದ ಆಕಾರಕ್ಕೆ ತಿರುಗಿರುತ್ತದೆ. "ಸುಸ್ತಾಗುತ್ತಾ?" ಅಂದರೆ "ಮನೆ ಕೆಲಸ ಅಂದ್ಮೇಲೆ ಸುಸ್ತು ಇದ್ದಿದ್ದೇ" ಅನ್ನುತ್ತಾರೆ. ತಿಂಗಳ ಮುಟ್ಟಿನಲ್ಲಿ ಏಳೆಂಟು ದಿನ ಸ್ರಾವ ಹೋಗುತ್ತಿದ್ದರೂ ಅದನ್ನು ಯಾರಿಗೂ ಹೇಳಿರುವುದಿಲ್ಲ. ಕೂದಲು ಉದುರುವುದನ್ನು ಮಾತ್ರ ಹೇಳುತ್ತಾರೆ, ಯಾಕೆಂದರೆ ಅದೊಂದನ್ನು ನಾಚಿಕೆ ಇಲ್ಲದೆ ಹೇಳಬಹುದು. ಹೇಳಿದ ಕೂಡಲೇ ಯಾರೋ ಒಬ್ಬರು ಗಮ್ಮಿಯ ಲಿಂಕ್ ಕಳಿಸುತ್ತಾರೆ. ಕಾಯಿಲೆಯ ದೂರು ಸೌಂದರ್ಯದ ದೂರಾಗಿ ಬದಲಾಗಿಬಿಡುತ್ತದೆ.

ಇನ್ನೂ ಒಂದು ಮಾತು. ಹಿಮೋಗ್ಲೋಬಿನ್ 12 ದಾಟಿದ್ದರೆ "ರಕ್ತ ಸರಿ ಇದೆ" ಅಂತ ಎದ್ದು ಹೋಗುತ್ತಾರೆ. ಹಿಮೋಗ್ಲೋಬಿನ್ ಸರಿ ಇದ್ದೂ ದೇಹದ ಕಬ್ಬಿಣದ ಉಗ್ರಾಣ ಖಾಲಿಯಾಗಿರಬಹುದು. ಅದನ್ನು ತಿಳಿಯುವುದಕ್ಕೆ ಫೆರಿಟಿನ್ ಅಂತ ಬೇರೆ ಪರೀಕ್ಷೆ ಇದೆ. 15ಕ್ಕಿಂತ ಕೆಳಗಿದ್ದರೆ ಕೊರತೆ ಖಚಿತ. ಕೂದಲಿಗಾಗಿ ಅದು ಎಷ್ಟಿರಬೇಕು ಅನ್ನುವುದರಲ್ಲಿ ಚರ್ಮದ ಡಾಕ್ಟರುಗಳಲ್ಲೇ ಒಮ್ಮತ ಇಲ್ಲ. ಆದರೆ ಫೆರಿಟಿನ್ ಐದಾರು ಇಟ್ಟುಕೊಂಡು ಬಯೋಟಿನ್ ನುಂಗುವುದಕ್ಕೆ ಅರ್ಥ ಇಲ್ಲ.

ವಿಪರ್ಯಾಸ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ನೀಲಿ ಮಾತ್ರೆ, ಹೆಂಗಸರಿಗೂ ಗರ್ಭಿಣಿಯರಿಗೂ ಕೆಂಪು ಮಾತ್ರೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಟ್ಟರೂ ಅದು ಟಿ.ವಿ. ಸ್ಟ್ಯಾಂಡಿನ ಮೇಲೆ ಧೂಳು ಹಿಡಿಯುತ್ತದೆ. ಮಲಬದ್ಧತೆ ಆಗುತ್ತದೆ, ಮಲ ಕಪ್ಪಗೆ ಹೋಗುತ್ತದೆ, ವಾಕರಿಕೆ. ನಿಜ, ಆಗುತ್ತದೆ. ಅದಕ್ಕೆ ಡಾಕ್ಟರ ಹತ್ತಿರ ಬೇರೆ ಬಗೆಯ ಮಾತ್ರೆ ಇದೆ, ದಿನ ಬಿಟ್ಟು ದಿನ ತೆಗೆದುಕೊಳ್ಳುವ ದಾರಿಯೂ ಇದೆ. ಪುಕ್ಕಟೆ ಸಿಗುವುದಕ್ಕೆ ಬೆಲೆ ಇಲ್ಲ, ಸಿಹಿಯಾಗಿ ಇರುವುದಕ್ಕೆ ತಿಂಗಳಿಗೆ ಎಂಟುನೂರು ರೂಪಾಯಿ ಕೊಡುತ್ತೇವೆ. ಹಾಗಂತ ಪರೀಕ್ಷೆ ಮಾಡಿಸದೆ ವರ್ಷಗಟ್ಟಲೆ ಕಬ್ಬಿಣ ನುಂಗುವುದೂ ತಪ್ಪು. ಅದು ದೇಹದಲ್ಲಿ ಉಳಿದುಕೊಳ್ಳುವ ವಸ್ತು.

ಕಾಫಿ ಪ್ರಿಯರಿಗೆ ಬೇಸರವಾಗಬಹುದು, ಆದರೂ ಹೇಳಬೇಕು. 1983ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಊಟದ ಜೊತೆ ಒಂದು ಕಪ್ ಕಾಫಿ ಕುಡಿದಾಗ ಕಬ್ಬಿಣ ಹೀರಿಕೆ ಶೇಕಡಾ 39ರಷ್ಟು ಕುಸಿಯಿತು. ಟೀ ಕುಡಿದಾಗ 64. ಇಡ್ಲಿ ತಟ್ಟೆ ಕೆಳಗಿಡುವ ಮೊದಲೇ ಲೋಟ ಕೈಗೆ ಬರುವ ನಮ್ಮ ಪದ್ಧತಿ ಇದೆಯಲ್ಲ, ಅದನ್ನು ಬಿಡಿ, ತಿಂಡಿಗೆ ಒಂದು ಗಂಟೆ ಮೊದಲೇ ಕಾಫಿ ಕುಡಿದುಬಿಡಿ. ಹುರುಳಿಕಾಳಿನ ಸಾರಿಗೋ ಸೊಪ್ಪಿನ ಪಲ್ಯಕ್ಕೋ ನಿಂಬೆಹಣ್ಣು ಹಿಂಡಿ. ಇದಕ್ಕೆ ಖರ್ಚಿಲ್ಲ.

ಉಗುರು ಪದರ ಪದರವಾಗಿ ಏಳುತ್ತದೆ, ತುದಿಯಲ್ಲಿ ಸಿಪ್ಪೆ ಬಿಟ್ಟಂತೆ ಆಗುತ್ತದೆ ಅನ್ನುವವರಲ್ಲಿ ಎಷ್ಟೋ ಜನಕ್ಕೆ ರಕ್ತದಲ್ಲಿ ಏನೂ ತೊಂದರೆ ಇರುವುದಿಲ್ಲ. ತೊಂದರೆ ಇರುವುದು ಸಿಂಕಿನಲ್ಲಿ. ನೀರಿಗೆ ಬಿದ್ದಾಗ ಉಗುರು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೀಗೆ ಆಗಿ, ಜೊತೆಗೆ ಪಾತ್ರೆ ಸೋಪು ಎಣ್ಣೆಯ ಪಸೆ ಎಳೆದುಕೊಂಡರೆ ಪದರಗಳು ಬಿಟ್ಟುಕೊಳ್ಳುತ್ತವೆ. ನಮ್ಮನೆಗೆ ಕೆಲಸಕ್ಕೆ ಬರುವಾಕೆಯ ಬಲಗೈಯ ಹೆಬ್ಬೆರಳು, ತೋರುಬೆರಳು ಹೀಗೇ ಇವೆ, ಎಡಗೈಯವು ಅಷ್ಟಿಲ್ಲ. ಸೋಪಿನ ನಾರು ಹಿಡಿಯುವುದು ಬಲಗೈಯಲ್ಲಿ. ಗ್ಲೌಸ್ ಹಾಕಿ, ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿ, ನೇಲ್ ಪಾಲಿಶ್ ತೆಗೆಯುವ ದ್ರಾವಣ ಕಡಿಮೆ ಮಾಡಿ. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಬುಡದಿಂದ ತುದಿಯವರೆಗೆ ಹೊಸದಾಗಿ ಬರಲು ಆರು ತಿಂಗಳು ಬೇಕು. "ಮೂವತ್ತು ದಿನದಲ್ಲಿ ಗಟ್ಟಿ ಉಗುರು" ಅನ್ನುವ ಜಾಹೀರಾತು ಈ ಲೆಕ್ಕದಲ್ಲೇ ಬಿದ್ದುಹೋಗುತ್ತದೆ.

ಕ್ಯಾಲ್ಸಿಯಂ ಬಗ್ಗೆಯೂ ಕೇಳುತ್ತಾರೆ. ಉಗುರಿನಲ್ಲಿ ಕ್ಯಾಲ್ಸಿಯಂ ಇರುವುದೇ ತೀರಾ ಸ್ವಲ್ಪ, ಗಟ್ಟಿತನ ಬರುವುದು ಕೆರಾಟಿನ್‌ನಿಂದ. ಬಿಳಿ ಚುಕ್ಕೆ ಬಂದರೆ ಕ್ಯಾಲ್ಸಿಯಂ ಕಡಿಮೆ ಅಂತಲೂ ಅಲ್ಲ, ಸಾಮಾನ್ಯವಾಗಿ ಉಗುರಿನ ಬುಡಕ್ಕೆ ಎಂದೋ ಬಿದ್ದ ಸಣ್ಣ ಪೆಟ್ಟಿನ ಗುರುತು ಅದು. ಚಿಕ್ಕಂದಿನಲ್ಲಿ ನಾವು ಬಿಳಿ ಚುಕ್ಕೆ ಬಂದರೆ ಹೊಸ ಬಟ್ಟೆ ಸಿಗುತ್ತೆ ಅಂತ ನಂಬಿದ್ದೆವು. ಅದರಿಂದ ಕನಿಷ್ಠ ಖರ್ಚಾದರೂ ಇರಲಿಲ್ಲ.

ಕೊಲಾಜೆನ್ (ಚರ್ಮ ಮೂಳೆಯಲ್ಲಿರುವ ಒಂದು ಪ್ರೋಟೀನು) ಪುಡಿಯ ಹೊಸ ಹುಚ್ಚು ಒಂದಿದೆ. ಅದರ ಪರವಾಗಿ ತೋರಿಸುವ 2017ರ ಅಧ್ಯಯನದಲ್ಲಿ ಇದ್ದವರು 25 ಜನ, ಅಲ್ಲೂ ಹೋಲಿಕೆಗೆ ಬೇರೆ ಗುಂಪು ಇರಲಿಲ್ಲ. ಸಸ್ಯಾಹಾರಿಗಳಿಗೆ ಒಂದು ಸೂಚನೆ: ಈ ಪುಡಿ ಬರುವುದು ಸಾಮಾನ್ಯವಾಗಿ ದನ, ಹಂದಿ ಅಥವಾ ಮೀನಿನ ಚರ್ಮ ಮೂಳೆಯಿಂದ. ಡಬ್ಬಿಯ ಮೇಲಿನ ಚುಕ್ಕೆ ಯಾವ ಬಣ್ಣದ್ದು ಅಂತ ನೋಡಿ. ಇನ್ನು ಗಂಡಸರ ತಲೆಯ ಮುಂಭಾಗ ಖಾಲಿಯಾಗುವುದು ವಂಶದಿಂದ, ಹಾರ್ಮೋನಿನಿಂದ. ಅದಕ್ಕೆ ಮಿನಾಕ್ಸಿಡಿಲ್ ತರಹದ ಔಷಧಿ ಇದೆ, ಗಮ್ಮಿ ಅಲ್ಲ.

"ಜಾಸ್ತಿ ಆದ್ರೆ ಏನಾಗುತ್ತೆ, ವಿಟಮಿನ್ ತಾನೇ" ಅನ್ನುವವರಿಗೆ 2008ರ ಒಂದು ಘಟನೆ ಹೇಳುತ್ತೇನೆ. ಅಮೆರಿಕದಲ್ಲಿ ಒಂದು ಸಪ್ಲಿಮೆಂಟಿನ ತಯಾರಿಕೆಯಲ್ಲಿ ಎಡವಟ್ಟಾಗಿ ಲೇಬಲ್ಲಿನಲ್ಲಿ ಬರೆದಿದ್ದಕ್ಕಿಂತ 200 ಪಟ್ಟು ಸೆಲೆನಿಯಂ ಅನ್ನುವ ಖನಿಜ ಸೇರಿತು. 201 ಜನ ಕಾಯಿಲೆ ಬಿದ್ದರು. ಅವರಲ್ಲಿ ಹೆಚ್ಚಿನವರಿಗೆ ಆದದ್ದು ಏನು ಗೊತ್ತಾ? ಕೂದಲು ಉದುರಿತು, ಉಗುರು ಮುರಿಯಿತು. ವಿಟಮಿನ್ ಎ ಮಿತಿ ಮೀರಿದರೂ ಕೂದಲು ಉದುರುತ್ತದೆ. ಕೂದಲಿಗೆ ಅಂತ ಮಾರುವ ಮಲ್ಟಿವಿಟಮಿನ್‌ಗಳಲ್ಲಿ ಎಷ್ಟೋ ಸಲ ಇವೆರಡೂ ಇರುತ್ತವೆ. ಎರಡು ಮೂರು ಬ್ರ್ಯಾಂಡ್ ಒಟ್ಟಿಗೆ ನುಂಗುವವರು ಲೇಬಲ್ ಓದಿ ಕೂಡಿಸಿ ನೋಡಿ.

ಬಾಟಲಿ ತಂದಾಗಿದೆ, ಎಸೆಯಬೇಕಾ ಅಂತ ಕೇಳಬೇಡಿ. ಬಯೋಟಿನ್ ವಿಷ ಅಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ರಕ್ತ ಪರೀಕ್ಷೆಗೆ ಎರಡು ಮೂರು ದಿನ ಮೊದಲು ನಿಲ್ಲಿಸಿ. ಕಿಡ್ನಿ ತೊಂದರೆ ಇದ್ದವರಲ್ಲಿ ಇನ್ನೂ ಹೆಚ್ಚು ದಿನ ಉಳಿಯುತ್ತದೆ, ಡಾಕ್ಟರನ್ನು ಕೇಳಿ. ತುರ್ತಾಗಿ ಆಸ್ಪತ್ರೆಗೆ ಹೋದರೆ ನಿಲ್ಲಿಸುವುದಕ್ಕೆ ಸಮಯ ಇರುವುದಿಲ್ಲ, ಆಗ ಬಾಯಿಬಿಟ್ಟು ಹೇಳಿ. ಎರಡನೇ ಬಾಟಲಿ ತರುವ ದುಡ್ಡಿನಲ್ಲಿ ಫೆರಿಟಿನ್, ಟಿಎಸ್‌ಎಚ್ ಮಾಡಿಸಿ. ನಮ್ಮ ಲ್ಯಾಬಿಗೇ ಬನ್ನಿ ಅಂತಲ್ಲ, ಎಲ್ಲಾದರೂ ಸರಿ.

ಮತ್ತೆ, ದಯವಿಟ್ಟು ಉಗುರಿನ ಫೋಟೋ ಕಳಿಸಬೇಡಿ. ಎಲ್ಲ ಉಗುರೂ ಬಿಟ್ಟು ಒಂದೇ ಒಂದು ಮಾತ್ರ ದಪ್ಪವಾಗಿ ಹಳದಿಗೆ ತಿರುಗಿದ್ದರೆ ಅದು ಫಂಗಸ್ ಇರಬಹುದು. ಒಂದೇ ಉಗುರಿನಲ್ಲಿ ಹೊಸದಾಗಿ ಕಪ್ಪು ಗೆರೆ ಮೂಡಿ ಅಗಲ ಆಗುತ್ತಿದ್ದರೆ ಈ ಬರಹಕ್ಕೆ ಕಾಮೆಂಟ್ ಹಾಕುತ್ತಾ ಕೂರದೆ ಈ ವಾರವೇ ಚರ್ಮದ ಡಾಕ್ಟರಿಗೆ ತೋರಿಸಿ.